ಮಳೆಗಾಲದ ಮಾತಿನ ಚೆಂಡು

ವಾಚಕರೇ, ಆಷಾಢದ ಮಳೆ ಹಿಡಿದುಕೊಂಡಿತೆಂದರೆ ನಮ್ಮ ಶಾಲೆಯ ಬಯಲಿನಲ್ಲಿ ಎದುರುಬದುರಾಗಿ ನಿಂತಿರುವ ಬಾಸ್ಕೆಟ್‌ಬಾಲಿನ ಎರಡು ಕಂಬಗಳನ್ನು ಕಂಡು ನನಗೆ ಮರುಕ ಬರುತ್ತದೆ. ಬಳೆಯಂಥ ಕಬ್ಬಿಣದ ಚಕ್ರದಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ನೆಲದ ಮೇಲಿನ ಬಿಳಿಯ ಗೆರೆಗಳು ಕೆಸರಿನಡಿಯಲ್ಲಿ ಮಾಯವಾಗಿರುತ್ತವೆ. ಹುಡುಗರು ಜಗಲಿಯಲ್ಲಿ ಸಾಲಾಗಿ ನಿಂತು, ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು, ಮುಗಿಲನ್ನು ಶಪಿಸುತ್ತಿರುತ್ತಾರೆ. ಹಿಂದೊಮ್ಮೆ ಅವರಲ್ಲೊಬ್ಬ, “ಮಾಷ್ಟ್ರೇ, ಮಳೆ ಬಂದರೂ ನಿಲ್ಲದ ಆಟ ಯಾವುದೂ ಇಲ್ಲವೇ?” ಎಂದು ಕೇಳಿದ. ಕನ್ನಡ ಪಂಡಿತನನ್ನು ಕೇಳುವ ಪ್ರಶ್ನೆಯಲ್ಲ ಅದು. ಡ್ರಿಲ್ ಮಾಷ್ಟ್ರು ಅಂದು ರಜೆಯಲ್ಲಿದ್ದುದರಿಂದ ನನ್ನ ಪಾಲಿಗೆ ಬಂತು. “ನಿನ್ನ ಕಂಕುಳಲ್ಲಿರುವ ಚೆಂಡಿನ ಆಟವೇ ಹವೆ ಕೆಟ್ಟದ್ದರಿಂದ ಹುಟ್ಟಿದ್ದು ಮಗು” ಎಂದೆ. ಅವನು ನಂಬಲಿಲ್ಲ. ನೀವಾದರೂ ಕೇಳಿ.

೧೮೯೧ನೆಯ ಇಸವಿಯ ಡಿಸೆಂಬರ್ ತಿಂಗಳು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವೈ.ಎಂ.ಸಿ.ಎ.ಯವರ ತರಬೇತಿ ಶಾಲೆ. ಹೊರಗೆ ಕೊರೆಯುವ ಚಳಿಗಾಲ. ಒಳಗೆ ಆಟವಿಲ್ಲದೆ ಪುಂಡಾಟಕ್ಕೆ ಇಳಿದ ತರಗತಿಯೊಂದು. ಕೆನಡಾದಲ್ಲಿ ಹುಟ್ಟಿದ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯನಿಗೆ ಮೇಲಿನವರು, ಹದಿನಾಲ್ಕು ದಿನಗಳಲ್ಲಿ ಮನೆಯೊಳಗೆ ಆಡಬಹುದಾದ ಒಂದು ಹೊಸ ಆಟವನ್ನು ಹುಡುಕಿಕೊಡು ಎಂದು ಅಪ್ಪಣೆ ಕೊಡಿಸಿದರು. ಆತ ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಜಡಿಸಿ, ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದ. ಹದಿನೆಂಟು ಹುಡುಗರು; ಕಡೆಗೆ ಒಂಬತ್ತರಂತೆ ಎರಡು ಪಕ್ಷ. ಅಂದಿನ ಆಟದಲ್ಲಿ ಚೆಂಡು ಬುಟ್ಟಿಯೊಳಗೆ ಬಿದ್ದದ್ದು ಒಂದೇ ಸಲ. ಬುಟ್ಟಿಗೆ ತಳವಿದ್ದುದರಿಂದ ಬಿದ್ದ ಚೆಂಡನ್ನು ಮೇಲೆ ಹತ್ತಿಯೇ ತೆಗೆಯಬೇಕಿತ್ತು. ಅದೇ ಆಟ ೧೯೩೬ರಲ್ಲಿ ಬರ್ಲಿನ್ನಿನ ಒಲಿಂಪಿಕ್ ಕೂಟವನ್ನು ಸೇರಿತು.

ಅವರ ಹಿಮಕ್ಕೆ ಬದಲು ನಮಗೆ ಮಳೆ. ಬೈಂದೂರಿನಿಂದ ಹೊರಟು ಕುಂದಾಪುರವನ್ನು ಹಾದು ಬ್ರಹ್ಮಾವರವನ್ನು ಮುಟ್ಟುವುದು ಬಸ್ಸಿನಲ್ಲಿ ಎರಡು ಗಂಟೆಯೊಳಗಿನ ದಾರಿ. ಈಗ ಮೂರೂ ಬೇರೆ ಬೇರೆ ತಾಲೂಕುಗಳು, ಮೂರೂ ೧೯೯೭ರಲ್ಲಿ ರೂಪುಗೊಂಡ ಉಡುಪಿ ಜಿಲ್ಲೆಯವು. ಒಂದು ಕಡೆ ಕಡಲು, ಒಂದು ಕಡೆ ಘಟ್ಟ, ನಡುವೆ ಸೌಪರ್ಣಿಕೆ, ಚಕ್ರೆ, ವಾರಾಹಿ, ಸೀತೆಯರೆಂಬ ಹೊಳೆಗಳು. ಜೂನಿನಿಂದ ಮೂರು ತಿಂಗಳ ಕಾಲ ಇಲ್ಲಿ ಮನುಷ್ಯನಿಗೆ ಮಾಡು ಬಿಟ್ಟರೆ ಗತಿಯಿಲ್ಲ. ಈ ಮಾಡಿನಡಿಯಲ್ಲಿ ಬೆಳೆದುಬಂದ ಆಟವೊಂದು ನಮ್ಮಲ್ಲಿ ಉಂಟು. ಅದರಲ್ಲಿಯೂ ಎರಡು ಪಕ್ಷ, ಎಸೆತ, ಹಿಡಿತ, ತಡೆ ಎಲ್ಲವೂ ಇವೆ. ಚೆಂಡು ಮಾತ್ರ ಕಾಣುವುದಿಲ್ಲ, ಏಕೆಂದರೆ ಅದು ಮಾತಿನದು. ನಾನು ಹೇಳುತ್ತಿರುವುದು ತಾಳಮದ್ದಳೆಯ ಸಂಗತಿ.

ಘಟ್ಟದ ಮೇಲಿನ ವಾಚಕರಲ್ಲಿ ಕೆಲವರು ಇದನ್ನು ನೋಡಿರಲಾರರು. ಯಕ್ಷಗಾನದಿಂದ ವೇಷ, ಕುಣಿತ, ರಂಗಸ್ಥಳಗಳನ್ನು ಕಳೆದರೆ ಉಳಿಯುವುದು ತಾಳಮದ್ದಳೆ. ದೇವಸ್ಥಾನದ ಪೌಳಿಯಲ್ಲೋ ದೊಡ್ಡ ಮನೆಯ ಚಾವಡಿಯಲ್ಲೋ ಚಾಪೆ ಹಾಸುತ್ತಾರೆ. ಭಾಗವತ, ಮದ್ದಳೆ, ಚೆಂಡೆ, ಶ್ರುತಿ ಒಂದು ಕಡೆ. ಪಂಚೆ ಶಲ್ಯದ ಅರ್ಥಧಾರಿಗಳು ಎದುರುಬದುರು ಎರಡು ಸಾಲು. ಭಾಗವತ ಪ್ರಸಂಗದ ಒಂದು ಪದ ಹಾಡುತ್ತಾನೆ. ಆ ಪದ ಯಾವ ಪಾತ್ರದ್ದೋ ಆ ಪಾತ್ರ ವಹಿಸಿದವನು ಅದನ್ನು ಹಿಡಿದುಕೊಂಡು ಗದ್ಯದಲ್ಲಿ ಬೆಳೆಸುತ್ತಾನೆ. ಬರೆದುಕೊಂಡು ಬಂದ ಮಾತಲ್ಲ, ಆಗಲೇ ಹುಟ್ಟಿದ್ದು. ಎದುರಿನವನು ಅದರಲ್ಲಿ ಬಿರುಕು ಹುಡುಕಿ ಮರುಮಾತು ಎಸೆಯುತ್ತಾನೆ. ಚೆಂಡನ್ನು ಹಿಡಿದುಕೊಂಡು ಓಡಕೂಡದು ಎಂಬುದು ನೈಸ್ಮಿತ್ ಬರೆದ ನಿಯಮಗಳಲ್ಲೊಂದು. ನಮ್ಮಲ್ಲಿಯೂ ಹಾಗೆಯೇ, ಮಾತನ್ನು ಹಿಡಿದು ಓಡುವವನನ್ನು ಭಾಗವತ ತಾಳವನ್ನು ಒಮ್ಮೆ ಕುಟ್ಟಿ ಎಚ್ಚರಿಸುತ್ತಾನೆ. ಎಚ್ಚರಾಗದಿದ್ದರೆ ಮುಂದಿನ ಪದವನ್ನೇ ಎತ್ತಿಬಿಡುತ್ತಾನೆ. ಯಾವ ಅಂಪೈರಿನ ಸೀಟಿಗೂ ಅಷ್ಟು ಬೇಗ ಮನುಷ್ಯನನ್ನು ಕೂರಿಸುವ ಶಕ್ತಿಯಿಲ್ಲ.

ಇದರ ಒಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. ಬೇರೆ ಆಟಗಳಲ್ಲಿ ಯಾರು ಗೆಲ್ಲುವರೆಂಬುದು ಕಡೆಯ ಗಳಿಗೆಯವರೆಗೆ ಗುಟ್ಟು. ಇಲ್ಲಿ ಅದು ಚಾಪೆ ಹಾಸುವ ಮೊದಲೇ ಎಲ್ಲರಿಗೂ ಗೊತ್ತು. ವಾಲಿ ಬೀಳಲೇಬೇಕು, ಕರ್ಣ ಸಾಯಲೇಬೇಕು, ಸಂಧಾನ ಮುರಿಯಲೇಬೇಕು. ಆದರೂ ಜನ ಬೆಳಗಿನ ತನಕ ಕೂತಿರುತ್ತಾರೆ; ಏಕೆಂದರೆ ಬಾಣದಿಂದ ಸೋತ ವಾಲಿ ಮಾತಿನಿಂದ ಗೆದ್ದುಬಿಡುವುದುಂಟು. ಮರದ ಮರೆಯಲ್ಲಿ ನಿಂತೇಕೆ ಹೊಡೆದೆ ಎಂದು ವಾಲಿ ಕೇಳಿದಾಗ, ರಾಮನಾದವನ ಬತ್ತಳಿಕೆಯಲ್ಲಿ ಧರ್ಮಶಾಸ್ತ್ರ ಸಾಕಷ್ಟಿಲ್ಲದಿದ್ದರೆ ಪೂಜೆಗೊಳ್ಳುವ ದೇವರೇ ಸಭೆಯ ಮುಂದೆ ಬೆವರುತ್ತಾನೆ. ಭಕ್ತಿಯುಳ್ಳ ಜನ ಅದನ್ನು ಕೇಳಿ ಸಂತೋಷಪಟ್ಟು, ಬೆಳಗ್ಗೆ ಅದೇ ರಾಮನಿಗೆ ಹೂ ಏರಿಸಿ ಹೋಗುತ್ತಾರೆ. ಇದರಲ್ಲಿ ಯಾರಿಗೂ ವಿರೋಧ ಕಂಡಿಲ್ಲ.

ಈ ಆಟ ಎಷ್ಟು ಹಳೆಯದು? ಶಾಸನದ ಸಾಕ್ಷಿ ಸಿಗುವುದು ನಮ್ಮ ಕರಾವಳಿಯಲ್ಲಲ್ಲ, ಬಳ್ಳಾರಿ ಜಿಲ್ಲೆಯಲ್ಲಿ. ಕುರುಗೋಡಿನ ಬಳಿಯ ಸೋಮಸಮುದ್ರದ ಲಕ್ಷ್ಮೀನಾರಾಯಣ ದೇವಸ್ಥಾನದ ೧೫೫೬ನೆಯ ಇಸವಿಯ ಶಾಸನ, ತಾಳಮದ್ದಳೆಯ ಸೇವೆ ಮಾಡುವವರಿಗೆ ಭೂಮಿ ಬಿಟ್ಟುಕೊಟ್ಟದ್ದನ್ನು ಹೇಳುತ್ತದೆ. ವಿಜಯನಗರದಲ್ಲಿ ಸದಾಶಿವರಾಯ ಪಟ್ಟದಲ್ಲಿದ್ದ ಕಾಲವದು. ನಮ್ಮ ಬ್ರಹ್ಮಾವರಕ್ಕೆ ಕೂಗಳತೆಯಲ್ಲಿರುವ ಬಾರಕೂರು ಅದೇ ಸಾಮ್ರಾಜ್ಯದ ಒಂದು ರಾಜ್ಯಕ್ಕೆ ರಾಜಧಾನಿಯಾಗಿತ್ತು. ಅಂದರೆ ಬಾಸ್ಕೆಟ್‌ಬಾಲಿನ ಬುಟ್ಟಿ ಜಡಿಯುವುದಕ್ಕೆ ಮುನ್ನೂರ ಮೂವತ್ತೈದು ವರ್ಷ ಮೊದಲು ನಮ್ಮ ಮಾತಿನ ಆಟಕ್ಕೆ ಉಂಬಳಿ ದೊರೆತಿತ್ತು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳಿದರೆ ಅವರು, “ಹಾಗಾದರೆ ಮಾಷ್ಟ್ರೇ, ಇದೂ ಒಲಿಂಪಿಕ್ಸಿಗೆ ಯಾಕೆ ಹೋಗಲಿಲ್ಲ?” ಎನ್ನುತ್ತಾರೆ. ಭಾಷಾಂತರದ ತೊಂದರೆ ಎಂದು ಹೇಳಿ ತಪ್ಪಿಸಿಕೊಂಡಿದ್ದೇನೆ.

ಪ್ರಸಂಗ ಸಾಹಿತ್ಯದ ಲೆಕ್ಕದಲ್ಲಿಯಾದರೆ ನಮ್ಮ ಸೀಮೆ ಹಿಂದೆ ಬಿದ್ದಿಲ್ಲ. ತಿಳಿದಿರುವ ಬಹು ಹಳೆಯ ಯಕ್ಷಗಾನ ಪ್ರಸಂಗಗಳಲ್ಲೊಂದಾದ ‘ವಿರಾಟಪರ್ವ’ದ ಕವಿ ವಿಷ್ಣು; ಆತ ಅಜಪುರದವನು. ಅಜನೆಂದರೆ ಬ್ರಹ್ಮ, ಅಜಪುರವೆಂದರೆ ಬ್ರಹ್ಮಾವರ. ಊರಿನ ಹೆಸರನ್ನು ಸಂಸ್ಕೃತಕ್ಕೆ ತಿರುಗಿಸಿ ಅಂಕಿತದಲ್ಲಿ ಕೂರಿಸುವುದು ಆ ಕಾಲದ ಕವಿಗಳಿಗೆ ರೂಢಿ. ಅದರಿಂದ ನಮ್ಮಂಥ ಪಂಡಿತರಿಗೆ ಕೆಲಸ ಸಿಕ್ಕಿದೆ; ಆದ್ದರಿಂದ ಅವರನ್ನು ದೂರಬಾರದು. ರಾಮಾಯಣದ ಪ್ರಸಂಗಗಳನ್ನು ಬರೆದವನೆಂದು ಕೀರ್ತಿ ಪಡೆದವನು ದಕ್ಷಿಣದ ಕುಂಬಳೆಯ ಪಾರ್ತಿಸುಬ್ಬ. ಆ ಕೀರ್ತಿ ನಿಜಕ್ಕೂ ಅವನದೇ, ಅಥವಾ ಅಜಪುರದ ಇನ್ನೊಬ್ಬ ಸುಬ್ಬನದೇ ಎಂಬ ಪ್ರಶ್ನೆಯನ್ನು ಕೋಟದ ಶಿವರಾಮ ಕಾರಂತರು ಎತ್ತಿದ್ದರು. ಮುಳಿಯ ತಿಮ್ಮಪ್ಪಯ್ಯನವರು ೧೯೪೫ರಲ್ಲಿಯೇ ‘ಪಾರ್ತಿಸುಬ್ಬ’ ಎಂಬ ಗ್ರಂಥ ಬರೆದವರು. ಮುಂದೆ ಕುಕ್ಕಿಲ ಕೃಷ್ಣ ಭಟ್ಟರು ಪಾರ್ತಿಸುಬ್ಬನ ಪರವಾಗಿ ಕಚ್ಚೆ ಕಟ್ಟಿ ನಿಂತರು. ತಾಳಮದ್ದಳೆಯ ಪದಗಳನ್ನು ಬರೆದವನು ಯಾರೆಂಬುದೇ ಒಂದು ತಾಳಮದ್ದಳೆಯಾಯಿತು! ತೆಂಕಣವರು, ಬಡಗಣವರು ಎರಡು ಸಾಲಾಗಿ ಕೂತರು. ತಾಳ ಕುಟ್ಟಿ ನಿಲ್ಲಿಸುವ ಭಾಗವತನೊಬ್ಬ ಮಾತ್ರ ಇರಲಿಲ್ಲ. ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ ೧೯೫೯ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಬ್ರಹ್ಮಾವರದ ಕಡೆಯವರು ತಮ್ಮ ಪಕ್ಷವೇ ಗೆದ್ದಿತೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಬಡಗಿನವನಾದ ನನಗೂ ಹಾಗೆ ಅನ್ನಿಸುವ ಚಪಲ ಉಂಟು; ಆದರೆ ಬಹುಮಂದಿ ವಿದ್ವಾಂಸರ ಒಲವು ಕುಂಬಳೆಯ ಕಡೆಗೇ ಇದೆ ಎಂಬುದನ್ನು ಒಪ್ಪಬೇಕು.

ಪತ್ತನಾಜೆಯ ಹೊತ್ತಿಗೆ, ಎಂದರೆ ಮೇ ತಿಂಗಳ ಕೊನೆಯಲ್ಲಿ, ಮೇಳಗಳು ಗೆಜ್ಜೆ ಬಿಚ್ಚಿ ಪೆಟ್ಟಿಗೆ ಕಟ್ಟುತ್ತವೆ. ಮತ್ತೆ ಹೊರಡುವುದು ದೀಪಾವಳಿ ಕಳೆದ ಮೇಲೆ. ನಡುವಿನ ಮಳೆಗಾಲದಲ್ಲಿ ಬಯಲು ಎಂಬುದೇ ಇಲ್ಲದಾಗ ಬಯಲಾಟ ಹೇಗೆ? ಆಗ ತಾಳಮದ್ದಳೆಗೆ ಹಬ್ಬ. ಹಿಂದೆ ಇದನ್ನು ‘ಜಾಗರ’ವೆಂದು ಕರೆಯುತ್ತಿದ್ದರು, ಬೆಳಗಿನ ತನಕ ನಿದ್ದೆಗೆಡುವ ವ್ರತವೇ ಆದ್ದರಿಂದ ಹೆಸರು ಸರಿಯಾಗಿಯೇ ಇತ್ತು. ನಟ್ಟಿ ಮುಗಿಸಿದ ಒಕ್ಕಲಿಗ, ಅಂಗಡಿ ಮುಚ್ಚಿದ ವ್ಯಾಪಾರಿ, ಅರ್ಚಕ, ಉಪಾಧ್ಯಾಯ, ಕಚೇರಿಯ ಗುಮಾಸ್ತ, ಹೀಗೆ ಕೂತವರಲ್ಲಿ ಹಣಕ್ಕಾಗಿ ಬಂದವರು ಬಹಳ ಕಡಿಮೆ. ಮೇಳದ ವೇಷಧಾರಿಗೆ ಸಂಬಳ ಉಂಟು. ಹವ್ಯಾಸಿ ಅರ್ಥಧಾರಿಗೆ ಚಾ, ಅವಲಕ್ಕಿ, ವೀಳ್ಯ, ಮತ್ತು ಮರುದಿನ ಕಚೇರಿಯಲ್ಲಿ ತೂಕಡಿಸಿದ್ದಕ್ಕೆ ಮೇಲಧಿಕಾರಿಯ ನಾಲ್ಕು ಮಾತು.

ಎಳೆಯರಿಗೆ ಇದರ ಬಾಲಬೋಧೆಯೂ ಉಂಟು. ನವರಾತ್ರಿಯಲ್ಲಿ ನಮ್ಮ ಬಡಗಿನ ಊರುಗಳಲ್ಲಿ ಹೂವಿನಕೋಲು ಹೊರಡುತ್ತದೆ. ಹೂ ಸುತ್ತಿದ ಕೋಲು ಹಿಡಿದ ಇಬ್ಬರು ಹುಡುಗರು ಎದುರುಬದುರು ಕೂತು ಮನೆ ಮನೆಯಲ್ಲಿ ಪ್ರಸಂಗದ ತುಣುಕೊಂದರ ಅರ್ಥ ಹೇಳಿ, ಮನೆಗೆ ಒಳ್ಳೆಯದಾಗಲೆಂದು ಹರಸುತ್ತಾರೆ. ಹತ್ತು ವರ್ಷದ ಕೃಷ್ಣ, ಒಂಬತ್ತು ವರ್ಷದ ಅರ್ಜುನ. ಕಂಠಪಾಠ ಮಾಡಿದ ಮಾತು ಮರೆತಾಗ ಅರ್ಜುನ ತನ್ನ ಕೋಲಿನ ಹೂವನ್ನು ಒಂದೊಂದಾಗಿ ಕೀಳುತ್ತಾ ಕೂರುವುದನ್ನು ಕಂಡವರು ಮರೆಯಲಾರರು. ನಾನೂ ಹೂ ಕಿತ್ತವನೇ.

ಇನ್ನು ವೃತ್ತಿಯವರ ಪೈಪೋಟಿ ಬೇರೆ ತೆರ. ಜೋಡಾಟವೆಂದರೆ ಎರಡು ಮೇಳಗಳು ಒಂದೇ ಬಯಲಿನಲ್ಲಿ ಅಕ್ಕಪಕ್ಕ ರಂಗಸ್ಥಳ ಕಟ್ಟಿ, ಒಂದೇ ರಾತ್ರಿ, ಒಂದೇ ಪ್ರಸಂಗವನ್ನು ಆಡುವುದು. ಇಲ್ಲೊಬ್ಬ ಅರ್ಜುನ, ಅಲ್ಲೊಬ್ಬ ಅರ್ಜುನ. ಎರಡು ಚೆಂಡೆಗಳ ಅಬ್ಬರದಲ್ಲಿ ಮಾತು ಕೇಳುವ ಗೋಜೇ ಇಲ್ಲ. ಜನ ಯಾವ ಕಡೆ ವಾಲಿದರೋ ಆ ಕಡೆ ಗೆಲುವು. ಬ್ರಹ್ಮಾವರದ ಆಸುಪಾಸಿನಲ್ಲೇ ಹಾರಾಡಿ, ಮಟ್ಪಾಡಿ ಎಂಬ ಎರಡು ಊರುಗಳ ಹೆಸರಿನಲ್ಲಿ ಎರಡು ಕುಣಿತದ ತಿಟ್ಟುಗಳು ಬೆಳೆದವು. ಹಾರಾಡಿ ರಾಮ ಗಾಣಿಗರ ಹೆಸರು ಹೇಳಿದರೆ ಮಟ್ಪಾಡಿಯ ಅಭಿಮಾನಿ ವೀರಭದ್ರ ನಾಯಕರ ಹೆಸರು ಹೇಳದೆ ಬಿಡುತ್ತಿರಲಿಲ್ಲ. ಎರಡೂ ಊರಿನವರು ಒಂದೇ ಸಂತೆಯಲ್ಲಿ ಮೀನು ಕೊಳ್ಳುವವರು; ಕಾಲಿನ ಹೆಜ್ಜೆಯ ವಿಷಯ ಬಂದಾಗ ಮಾತ್ರ ಬೇರೆ ಬೇರೆ ದೇಶದವರಾಗುತ್ತಿದ್ದರು. ಜೋಡಾಟದ ವಿಷಯ ಇಷ್ಟು ಸಾಕು. ಗದ್ದಲದಲ್ಲಿ ನಗೆ ಹುಟ್ಟುವುದಿಲ್ಲ. ನಗೆಗೆ ಎದುರಿನವನ ಮಾತನ್ನು ಪೂರ್ತಿ ಕೇಳುವ ವ್ಯವಧಾನ ಬೇಕು.

ಆ ವ್ಯವಧಾನ ತಾಳಮದ್ದಳೆಯಲ್ಲಿ ಉಂಟು. ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬), ದೇರಾಜೆ ಸೀತಾರಾಮಯ್ಯನವರು (೧೯೧೪–೧೯೮೪), ಮಲ್ಪೆಯ ಶಂಕರನಾರಾಯಣ ಸಾಮಗ, ರಾಮದಾಸ ಸಾಮಗ ಸಹೋದರರು, ಕುಂಬಳೆ ಸುಂದರರಾಯರು ಎದುರುಬದುರಾದ ಕೂಟಗಳ ಮಾತು ಬಂದರೆ ನಮ್ಮ ಕಡೆಯ ಹಿರಿಯರಿಗೆ ಊಟ ತಣ್ಣಗಾದದ್ದು ತಿಳಿಯುವುದಿಲ್ಲ. ಶೇಣಿಯವರ ರಾವಣನನ್ನು ಕೇಳಿದ ಮೇಲೆ, ರಾಮನ ಪಕ್ಷ ವಹಿಸುವುದಕ್ಕೆ ಒಳ್ಳೆಯ ವಕೀಲ ಬೇಕೆಂದು ಅನ್ನಿಸುತ್ತಿತ್ತು. ಇವರೆಲ್ಲ ಒಬ್ಬರನ್ನೊಬ್ಬರು ಚಾಪೆಯ ಮೇಲೆ ಎಡೆಯಿಲ್ಲದೆ ಕಟ್ಟಿಹಾಕಿ, ಮುಗಿದ ಮೇಲೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದವರು.

ಬಾನುಲಿಗೂ ಈ ಕಲೆಗೂ ಇರುವ ನಂಟನ್ನು ಈ ಪತ್ರಿಕೆಯ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣಿಗೆ ಕೆಲಸವಿಲ್ಲದ, ಕಿವಿಯೊಂದನ್ನೇ ನಂಬಿದ ನಾಟಕವಿದು, ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸುವ ಮುನ್ನವೇ ಬಾನುಲಿಗೆಂದು ಹೇಳಿ ಮಾಡಿಸಿದಂತಿತ್ತು. ೧೯೭೬ರಲ್ಲಿ ಮಂಗಳೂರು ನಿಲಯ ಆರಂಭವಾದ ಮೇಲೆ ನಮ್ಮ ಮನೆಯ ಜಗಲಿಯಲ್ಲಿ ತಾಳಮದ್ದಳೆಯ ಹೊತ್ತಿಗೆ ನೆರೆಮನೆಯವರೂ ಬಂದು ಕೂರುತ್ತಿದ್ದರು. ಒಂದು ಕಷ್ಟ ಮಾತ್ರ ಇತ್ತು. ಮೂರು ಗಂಟೆ ಹೊತ್ತು ಪೀಠಿಕೆಯಲ್ಲೇ ಕಳೆಯುವ ಭೀಷ್ಮನನ್ನು ಗಡಿಯಾರದ ಮುಂದೆ ಕೂರಿಸಿ, ಇಷ್ಟು ನಿಮಿಷದೊಳಗೆ ಶರಶಯ್ಯೆಗೆ ಹೋಗಬೇಕು ಎಂದರೆ ಅವನಾದರೂ ಏನು ಮಾಡಿಯಾನು? ಇಚ್ಛಾಮರಣದ ವರವೇ ಕೈಬಿಟ್ಟುಹೋಯಿತೆಂದು ನಮ್ಮ ತಂದೆ ನ್ಯಾಯಕ್ಕೆ ನಿಲ್ಲುತ್ತಿದ್ದರು. ಆಮೇಲೆ ಕ್ಯಾಸೆಟ್ಟುಗಳು ಬಂದವು. ಅದರಿಂದ ಒಂದು ಲಾಭ, ಒಂದು ಹಾನಿ. ಹಾನಿಯೆಂದರೆ, ಊರೂರಿನ ಹುಡುಗರು ಕೆಮ್ಮುವುದನ್ನೂ ಶೇಣಿಯವರಂತೆಯೇ ಕೆಮ್ಮತೊಡಗಿದರು.

ಈಗ ನಮ್ಮ ಊರಿನ ಕೂಟಕ್ಕೆ ಬರುತ್ತೇನೆ. ಬೈಂದೂರಿಗೂ ಕುಂದಾಪುರಕ್ಕೂ ನಡುವಿನ ಒಂದು ಊರೆಂದಷ್ಟೇ ತಿಳಿಯಿರಿ. ಪ್ರತಿವರ್ಷ ಸೋಣ ತಿಂಗಳ ಒಂದು ಶನಿವಾರ ರಾತ್ರಿ, ಒಂದು ಹಳೆಯ ಮನೆಯ ಚಾವಡಿಯಲ್ಲಿ ಗೆಳೆಯರ ಕೂಟ. ನಾನು ಚಿಕ್ಕವನಿದ್ದಾಗ ಅದರ ಎರಡು ಕಂಬಗಳೆಂದರೆ ಪೋಸ್ಟ್ ಮಾಷ್ಟ್ರು ಮತ್ತು ಜವಳಿ ಅಂಗಡಿಯವರು. ಒಂದೇ ಬೆಂಚಿನಲ್ಲಿ ಓದಿದವರು, ದಿನವೂ ಸಂಜೆ ಸೇತುವೆಯ ತನಕ ಜೊತೆಯಾಗಿ ನಡೆಯುವವರು. ಕೂಟದ ವಾರ ಬಂತೆಂದರೆ ಸಂಜೆಯ ನಡಿಗೆ ನಿಂತುಹೋಗುತ್ತಿತ್ತು. ಇವರು ಯಾವ ಪುಸ್ತಕ ಓದುತ್ತಿದ್ದಾರೆಂದು ತಿಳಿದುಬರಲು ಅವರು ಹುಡುಗನನ್ನು ಕಳಿಸುವರು. ಊರ ವಾಚನಾಲಯದಲ್ಲಿದ್ದ ಒಂದೇ ಒಂದು ಜೈಮಿನಿ ಭಾರತವನ್ನು ಒಬ್ಬರು ಓದುವುದಕ್ಕಲ್ಲ, ಇನ್ನೊಬ್ಬರಿಗೆ ಸಿಗದಿರಲಿ ಎಂದು ಒಯ್ದು ತಿಂಗಳಿಟ್ಟುಕೊಂಡದ್ದುಂಟು. ಒಂದು ವರ್ಷ ಪೋಸ್ಟ್ ಮಾಷ್ಟ್ರಿಗೆ ಗಂಟಲು ಕಟ್ಟಿದ್ದ ಸುದ್ದಿ ತಿಳಿದು ಜವಳಿಯವರು ಒಂದು ತಂಬಿಗೆ ತಂಪಾದ ಮಜ್ಜಿಗೆಯನ್ನು ಉಪಚಾರಕ್ಕೆಂದು ಕಳಿಸಿದರು. ಮಾಷ್ಟ್ರು ಅದನ್ನು ತಂದ ಹುಡುಗನಿಗೇ ಕುಡಿಸಿ, ಖಾಲಿ ತಂಬಿಗೆಯನ್ನು ‘ವಿಳಾಸದಾರರು ಸ್ವೀಕರಿಸಲಿಲ್ಲ’ ಎಂಬ ಚೀಟಿ ಅಂಟಿಸಿ ಹಿಂದೆ ಕಳಿಸಿದರು.

ಸೋತವರು ಮುಂದಿನ ವರ್ಷದ ಚಾ ಮತ್ತು ಗೋಳಿಬಜೆಯ ಖರ್ಚು ಹೊರಬೇಕೆಂಬುದು ಪಂದ್ಯ. ಸೋತದ್ದು ಯಾರೆಂದು ಹೇಳುವ ಅಧಿಕಾರ ಆ ಮನೆಯ ಹಿರಿಯಮ್ಮನದು. ಊರಿಗೆಲ್ಲ ಆಕೆ ಅಮ್ಮಮ್ಮ. ಬಾಗಿಲ ಮರೆಯಲ್ಲಿ ಕೂತು ವೀಳ್ಯ ಮೆಲ್ಲುತ್ತಾ ಬೆಳಗಿನ ತನಕ ಕೇಳುವರು. ಅಕ್ಷರ ಕಲಿತವರಲ್ಲ, ಆದರೆ ಆಕೆಗೆ ಗೊತ್ತಿಲ್ಲದ ಪದ ಯಾವ ಪ್ರಸಂಗದಲ್ಲಿಯೂ ಇರಲಿಲ್ಲ.

ನನಗೆ ಹತ್ತೋ ಹನ್ನೊಂದೋ ವಯಸ್ಸು. ಅಂದು ‘ಕೃಷ್ಣ ಸಂಧಾನ’. ಕೃಷ್ಣ ಜವಳಿ ಅಂಗಡಿಯವರು, ಕೌರವ ಪೋಸ್ಟ್ ಮಾಷ್ಟ್ರು. ಐದು ಗ್ರಾಮಗಳ ಬೇಡಿಕೆ ಬಂತು. ಸೂಜಿಯ ಮೊನೆ ಊರುವಷ್ಟು ನೆಲವನ್ನೂ ಕೊಡೆನೆಂದು ಕೌರವ ಗರ್ಜಿಸಿದ. ಕೃಷ್ಣ ನಿಧಾನವಾಗಿ, “ನೆಲ ಬೇಡ ಕೌರವಾ, ಆ ಸೂಜಿಯನ್ನಾದರೂ ಕೊಡು. ಬಟ್ಟೆಯ ಚಿಂತೆ ನನಗಿಲ್ಲ. ನಿನ್ನ ಸಭೆಯಲ್ಲೇ ಒಮ್ಮೆ ಕೊಟ್ಟು ಅಭ್ಯಾಸವುಂಟು” ಎಂದರು. ಚಾವಡಿ ನಗೆಯಿಂದ ಅಲುಗಾಡಿತು. ನಗು ಇಳಿಯುವ ತನಕ ಕೌರವ ಮೀಸೆಯ ಮೇಲೆ ಕೈಯಿಟ್ಟು ಕಾದು, “ಅಂದು ನೀನು ಕೊಟ್ಟ ಸೀರೆಗೆ ಕೊನೆಯೇ ಇರಲಿಲ್ಲವೆಂದು ಕೇಳಿದ್ದೇನೆ. ದ್ವಾರಕೆಯಿಂದ ಈಚೆಗೆ ಬಂದಮೇಲೆ ನಿನ್ನ ಗಜಕಡ್ಡಿ ಗೇಣು ಗಿಡ್ಡವಾದದ್ದು ಹೇಗೆ?” ಎಂದರು. ಜವಳಿ ಅಂಗಡಿಯವರೇ ಶಲ್ಯದಿಂದ ಬಾಯಿ ಮುಚ್ಚಿಕೊಂಡು ನಕ್ಕುಬಿಟ್ಟರು. ನಗುವ ಕೃಷ್ಣನಿಂದ ಮುಂದಿನ ಮಾತು ಹೊರಡಲಿಲ್ಲ. ಬೆಳಗಿನ ಹೊತ್ತು ಅಮ್ಮಮ್ಮನ ತೀರ್ಪು ಬಂತು: “ಗೆದ್ದದ್ ಕೌರವನೇ. ಆದ್ರೂ ಅವ ಸಾಯ್ಕೇ ಅಲ್ದಾ, ಪಾಪ.”

ಅವರಿಬ್ಬರ ಕಾಲ ಮುಗಿದಮೇಲೆ ಚಾಪೆ ನಮ್ಮ ತಲೆಮಾರಿಗೆ ಬಂತು. ನನ್ನ ಎದುರು ಸಾಲಿನ ಗೆಳೆಯ ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ. ನಮ್ಮಿಬ್ಬರದೂ ಹೂವಿನಕೋಲಿನಿಂದ ಆರಂಭವಾದ ಜಗಳ. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಊರಿನಲ್ಲಿ ಕಾಂಕ್ರೀಟಿನ ಮನೆಗಳೆದ್ದು ಹಂಚಿಗೆ ಗಿರಾಕಿಯಿಲ್ಲದೆ ಆ ಕಾರ್ಖಾನೆ ಬಾಗಿಲು ಹಾಕಿತು. ಅದೇ ವರ್ಷದ ಕೂಟದಲ್ಲಿ ‘ಕರ್ಣಪರ್ವ’. ಅವನು ಕರ್ಣ, ನಾನು ಶಲ್ಯ. ಶಲ್ಯನ ಕೆಲಸವೇ ಸಾರಥಿಯಾಗಿ ಕೂತು ಕರ್ಣನ ಉತ್ಸಾಹವನ್ನು ಕುಗ್ಗಿಸುವುದು. ಆ ದಿನ ನನ್ನ ನಾಲಗೆ ಬಹಳ ಹರಿತವಾಗಿತ್ತು. ಜನ ನಗುತ್ತಿದ್ದರು, ಎಂಬುದೇ ನನ್ನ ಕೇಡು. “ಸೂತಪುತ್ರಾ, ನಿನ್ನ ರಥಕ್ಕೆ ಮಾಡಿಲ್ಲ, ಮಾಡಿದ್ದರೂ ಹೊದೆಸಲು ಹಂಚಿಲ್ಲ. ಮುಚ್ಚಿದ ಕಾರ್ಖಾನೆಯ ಗುಮಾಸ್ತನಂತೆ ನಾಳೆ ಯಾರ ಬಾಗಿಲಲ್ಲಿ ನಿಲ್ಲುವೆ?” ಎಂದುಬಿಟ್ಟೆ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮತ್ತೆ ಯಾರೂ ನಗಲಿಲ್ಲ. ಮಾಡಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದು ಒಮ್ಮೆಗೇ ದೊಡ್ಡದಾಗಿ ಕೇಳಿಸಿತು. ಗೆಳೆಯ ನನ್ನನ್ನು ನೋಡಿದ. ಕರ್ಣನಾಗಿ ನೋಡಲಿಲ್ಲ. ಭಾಗವತರು ಅನುಭವಿಗಳು, ಮುಂದಿನ ಪದವನ್ನು ಎತ್ತಿಕೊಂಡರು. ಎರಡು ಗಂಟೆ ಹೊತ್ತು ನಡೆಯಬೇಕಾದ ಯುದ್ಧ ಹತ್ತು ನಿಮಿಷದಲ್ಲಿ ಮುಗಿಯಿತು. ಅಷ್ಟು ಬೇಗ ಸತ್ತ ಕರ್ಣನನ್ನು ನಮ್ಮ ಊರು ಕಂಡಿರಲಿಲ್ಲ. ಅಮ್ಮಮ್ಮನಿಗೆ ಆಗ ಕಣ್ಣು ಮಂಜಾಗಿತ್ತು, ಕಿವಿ ಮಂಜಾಗಿರಲಿಲ್ಲ. “ಇವತ್ ಯಾರೂ ಗೆಲ್ಲಿಲ್ಲ” ಎಂದು ಎದ್ದುಹೋದರು.

ಪಾತ್ರಕ್ಕೆ ಹೊಡೆಯಬೇಕು, ಮನುಷ್ಯನಿಗೆ ತಾಗಬಾರದು ಎಂಬುದನ್ನು ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದವನು. ಗಜಕಡ್ಡಿಯ ಮಾತು ಅಂಗಡಿಯವರಿಗೆ ತಾಗಲಿಲ್ಲವೇ ಎಂದು ನೀವು ಕೇಳಬಹುದು; ನಾನೂ ಆ ರಾತ್ರಿ ನನ್ನನ್ನು ಹಾಗೆಯೇ ಸಮಾಧಾನಪಡಿಸಿಕೊಳ್ಳಲು ನೋಡಿದೆ. ಆದರೆ ಅಂಗಡಿಯವರ ಅಂಗಡಿ ಮರುದಿನ ಬೆಳಗ್ಗೆ ತೆರೆಯುವುದಿತ್ತು. ಇವನಿಗೆ ಬೆಳಗ್ಗೆ ಎದ್ದು ಹೋಗುವುದಕ್ಕೆ ಸ್ಥಳವಿರಲಿಲ್ಲ.

ಆತ ಮುಂದೆ ಬಸ್ಸು ನಿಲ್ಲುವ ಕಡೆ ಒಂದು ಗೂಡಂಗಡಿ ಹಾಕಿದ. ನಾನು ಆ ರಸ್ತೆಯ ಇನ್ನೊಂದು ಮಗ್ಗುಲಿನಲ್ಲಿ ನಡೆಯತೊಡಗಿದೆ. ಕ್ಷಮೆ ಕೇಳಲು ಎರಡು ಸಲ ಹೊರಟು, ಗಿರಾಕಿಗಳಿದ್ದಾರೆಂದು ನೆಪ ಹೇಳಿಕೊಂಡು ಹಿಂದೆ ಬಂದೆ. ಸಾವಿರ ಮಾತು ಬಲ್ಲ ಅರ್ಥಧಾರಿಗೆ ಒಂದು ಮಾತು ಕಷ್ಟವಾಯಿತು.

ಮರುವರ್ಷ ಪ್ರಸಂಗ ಗೊತ್ತುಮಾಡುವ ಹೊತ್ತಿಗೆ ಆತ ತಾನಾಗಿ ಬಂದು, “ಕರ್ಣಪರ್ವವೇ ಆಗಲಿ. ಈ ಸಲ ಶಲ್ಯ ನಾನು, ಕರ್ಣ ಮಾಷ್ಟ್ರು” ಎಂದನಂತೆ. ಊರಿಗೆ ಊರೇ ಚಾವಡಿಗೆ ಬಂತು. ಸೇಡಿನ ವಾಸನೆ ಜನಕ್ಕೆ ಹರಿಕಥೆಗಿಂತ ಬೇಗ ತಲುಪುತ್ತದೆ. ರಾತ್ರಿಯಿಡೀ ಅವನು ಶಲ್ಯನ ಪಾಡಿಗೆ ಶಲ್ಯನಾಗಿಯೇ ಇದ್ದ. ನನಗೋ, ಈಗ ಬಂತು, ಈಗ ಬಂತು ಎಂದು ಬೆನ್ನಿಗೆ ಬೆವರು. ಸರ್ಪಾಸ್ತ್ರದ ಘಟ್ಟ ಬಂತು. ಗುರಿಯನ್ನು ತಗ್ಗಿಸಿ ಮತ್ತೊಮ್ಮೆ ತೊಡು ಎಂದು ಶಲ್ಯ ಹೇಳಬೇಕು. ತೊಟ್ಟ ಬಾಣವನ್ನು ಮತ್ತೆ ತೊಡೆನೆಂದು ಕರ್ಣ ಹಟ ಹಿಡಿಯಬೇಕು. ಶಲ್ಯ ರಥವಿಳಿದು ಹೋಗಬೇಕು. ನಾನು ನನ್ನ ಮಾತನ್ನು ಹೇಳಿ ಮುಗಿಸಿದೆ. ಆತ ಶಲ್ಯವನ್ನು ಹೆಗಲಿಗೆ ಸರಿಪಡಿಸಿಕೊಂಡು ಹೀಗೆಂದ:

“ತೊಟ್ಟದ್ದನ್ನು ಮತ್ತೆ ತೊಡೆನೆಂದೆ. ವೀರರ ಮಾತು, ನಾನು ತಳ್ಳುವುದಿಲ್ಲ. ಆದರೆ ಗುರಿ ತಪ್ಪಿ ಬೇರೆ ಕಡೆ ನಾಟಿದ ಬಾಣವನ್ನು ಹಿಂದಕ್ಕೆ ತೆಗೆದುಕೊಳ್ಳಬಾರದೆಂದು ಯಾವ ಧನುರ್ವೇದದಲ್ಲಿಯೂ ಇಲ್ಲ ಕರ್ಣಾ. ಹೋದ ವರ್ಷ ಇದೇ ರಥದಿಂದ ಹೊರಟ ಒಂದು ಬಾಣ ನನ್ನಲ್ಲಿ ಉಳಿದಿದೆ. ತುಕ್ಕು ಹಿಡಿಯುವ ಮುಂಚೆ ತೆಗೆದುಕೋ, ಅರ್ಜುನನಿಗಾದರೂ ಬೇಕಾದೀತು. ನಾನು ಇಳಿದೆ. ಹೋಗುವ ದಾರಿಯಲ್ಲಿ ನನ್ನದೊಂದು ಗೂಡಂಗಡಿ ಉಂಟು. ಸತ್ತು ಮುಗಿದ ಮೇಲೆ ಬಾ, ಚಾ ಮಾಡಿಕೊಡುತ್ತೇನೆ. ದುಡ್ಡು ಮಾತ್ರ ಕೊಡಬೇಕು.”

ನಗಬೇಕೋ ಬೇಡವೋ ಎಂದು ಜನ ನನ್ನ ಮುಖ ನೋಡಿದರು. ಪೀಠಿಕೆಗೆ ಒಂದು ಗಂಟೆ ತೆಗೆದುಕೊಳ್ಳುವ ನನ್ನಿಂದ ಹೊರಟದ್ದು ಇಷ್ಟೇ: “ಮದ್ರೇಶ್ವರಾ, ಬಾಣ ತಲುಪಿತು.” ಆಮೇಲೆ ಭಾಗವತರು ಹಾಡಿದರು, ಆಮೇಲೆ ಜನ ನಕ್ಕರು. ಬೆಳಗಿನ ಐದು ಗಂಟೆಗೆ ನಾನು ಗೂಡಂಗಡಿಯ ಬೆಂಚಿನ ಮೇಲಿದ್ದೆ. ಚಾಕ್ಕೆ ಅವನು ದುಡ್ಡು ತೆಗೆದುಕೊಂಡ. ಚಿಲ್ಲರೆಯನ್ನೂ ಸರಿಯಾಗಿ ಎಣಿಸಿ ಕೊಟ್ಟ.

ಆ ಕೂಟ ಈಗಲೂ ನಡೆಯುತ್ತದೆ, ಬೆಳಗಿನ ತನಕವಲ್ಲ, ಹನ್ನೊಂದು ಗಂಟೆಗೆ ಮಂಗಳ. ಅಮ್ಮಮ್ಮ ತೀರಿಹೋಗಿ ವರ್ಷಗಳಾದವು. ತೀರ್ಪು ಹೇಳುವ ಅಧಿಕಾರ ಆಕೆಯ ಮೊಮ್ಮಗಳಿಗೆ ಬಂದಿದೆ. ಈಕೆ ತೀರ್ಪು ಹೇಳುವುದಷ್ಟೇ ಅಲ್ಲ, ಎರಡು ವರ್ಷಗಳಿಂದ ಚಾಪೆಯ ಮೇಲೆ ಕೂತು ಅರ್ಥವನ್ನೂ ಹೇಳುತ್ತಾರೆ. ಕರಾವಳಿಯಲ್ಲಿ ಹೆಂಗಸರದೇ ತಾಳಮದ್ದಳೆಯ ತಂಡಗಳು ಬೆಳೆದಿವೆ. ಬಾಗಿಲ ಮರೆಯಲ್ಲಿ ಅಷ್ಟು ತಲೆಮಾರು ಕೇಳಿದ್ದಕ್ಕೆ ಬಡ್ಡಿ ಸಮೇತ ಉತ್ತರ ಬರುತ್ತಿದೆ. ಹೋದ ವರ್ಷ ಆಕೆಯ ಸುಭದ್ರೆಯ ಎದುರು ನನ್ನ ಬಲರಾಮ ಎರಡು ಸಲ ನೀರು ಕುಡಿದ.

ಈ ಸಲದ ಪ್ರಸಂಗ ‘ಅಂಗದ ಸಂಧಾನ’. ರಾವಣ ನಾನು, ರಾಯಭಾರಕ್ಕೆ ಬರುವ ಅಂಗದ ಗೂಡಂಗಡಿಯ ಗೆಳೆಯ. ಅವನಿಗೆ ಎಡಗಿವಿ ಸ್ವಲ್ಪ ಮಂದವಾಗಿದೆ. ಅದಕ್ಕಾಗಿ ನಾನು ಅವನ ಎಡಕ್ಕೇ ಕೂರುವುದೆಂದು ನಿಶ್ಚಯಿಸಿದ್ದೇನೆ. ಮೊನ್ನೆ ಶಾಲೆ ಬಿಟ್ಟು ಬರುವಾಗ ಮಳೆ ಹೊಡೆದು, ಚಾ ಕುಡಿಯಲು ಅವನಲ್ಲಿಗೆ ನುಗ್ಗಿದೆ. ಏನನ್ನೋ ಓದುತ್ತಿದ್ದವನು ನನ್ನನ್ನು ಕಂಡೊಡನೆ ಪುಸ್ತಕವನ್ನು ಸಕ್ಕರೆಯ ಡಬ್ಬದ ಹಿಂದೆ ಸರಿಸಿದ. ಬೆನ್ನಿನ ಮೇಲೆ ವಾಚನಾಲಯದ ಚೀಟಿ ಕಂಡಿತು. ತೊರವೆ ರಾಮಾಯಣ. ಎರಡು ವಾರದಿಂದ ನಾನು ಅದಕ್ಕಾಗಿಯೇ ವಾಚನಾಲಯಕ್ಕೆ ಅಲೆಯುತ್ತಿದ್ದೇನೆ.